ಹುಸಿ ಟರ್ಮಿನಲ್ಲಿನಲ್ಲಿ ಮಹಬೂಬಸಾಬರ ಹೆಸರು

ತಿಕೋಟಾದ ಒಂದು ಶೀತಲಗೃಹದ ಹಳೆಯ ರಿಜಿಸ್ಟರಿನಲ್ಲಿ, ಮೂರನೆಯ ಕೋಣೆಯ ಒಣದ್ರಾಕ್ಷಿ ಕೆಟ್ಟದ್ದು ಆಪರೇಟರ್ ಮಹಬೂಬಸಾಬರ ಅಜಾಗರೂಕತೆಯಿಂದ ಎಂದು ಬರೆದಿದೆ. ಊರಿನವರೂ ಹಾಗೆಯೇ ತಿಳಿದಿದ್ದರು. ಆ ತಪ್ಪು ಅವರದಲ್ಲ, ನನ್ನದು. ಮಹಬೂಬಸಾಬರು ಈ ವರ್ಷ ತೀರಿಕೊಂಡರು. ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ನನ್ನ ಜಾಗಕ್ಕೆ ಬಂದ ಹುಡುಗಿ ಕೇಳಿದಾಗ, ಇದನ್ನು ಬಿಟ್ಟು ಬೇರೆ ಏನನ್ನೂ ಬರೆಯಲು ಮನಸ್ಸು ಬರಲಿಲ್ಲ.

ನನ್ನ ಓದು ದೊಡ್ಡದಲ್ಲ. ಮಮದಾಪುರದಲ್ಲಿ ಕನ್ನಡ ಶಾಲೆ, ವಿಜಯಪುರದಲ್ಲಿ ಡಿಪ್ಲೊಮಾ. ಇಂಗ್ಲಿಷ್ ಕೈಪಿಡಿಗಳನ್ನು ಒಂದು ಸಾಲಿಗೆ ಮೂರು ಸಲ ಓದಿ ಕಲಿತವಳು. ನಮ್ಮ ಮುಖ್ಯ ಆಫೀಸು ಸ್ಟೇಷನ್ ರಸ್ತೆಯಲ್ಲಿತ್ತು. ರೈತರ ಒಣದ್ರಾಕ್ಷಿಯನ್ನು ತಂಪಾಗಿ ಇಟ್ಟುಕೊಡುವ ಶೀತಲಗೃಹಗಳು ಎರಡು, ಒಂದು ತಿಕೋಟಾದಲ್ಲಿ, ಇನ್ನೊಂದು ಬಬಲೇಶ್ವರದಲ್ಲಿ. ಎರಡೂ ಕಡೆ ಒಂದೊಂದು ಕಂಪ್ಯೂಟರ್. ಅದರಿಂದ ಹೊರಟ ದಪ್ಪ ಕೇಬಲ್ಲಿನ ತುದಿಯಲ್ಲಿ ಒಂದು ಟರ್ಮಿನಲ್, ಎಂದರೆ ಹಸಿರು ಅಕ್ಷರದ ಪರದೆ ಮತ್ತು ಕೀಲಿಮಣೆ. ಅದರ ಮುಂದೆ ಒಬ್ಬ ಆಪರೇಟರ್.

ಯಾವ ರೈತನ ಮಾಲು ಯಾವ ಕೋಣೆಯಲ್ಲಿದೆ ಎಂದು ನೆನಪಿಡುವ ಸಾಫ್ಟ್‌ವೇರ್ ನಾನು ಸೇರುವ ಮೊದಲೇ ಬಂದಿತ್ತು. ಯಾವ ಕೋಣೆ ತಂಪಾಗಿರಬೇಕು ಎಂದು ಕೂಲಿಂಗ್ ಪ್ಯಾನೆಲ್ಲಿಗೆ ಹೇಳುವುದೂ ಅದೇ. ಮಾಡಿಕೊಟ್ಟ ಕಂಪನಿ ಮುಚ್ಚಿಹೋಗಿತ್ತು. ಒಳಗಿನ ಕೋಡ್ ಯಾರ ಹತ್ತಿರವೂ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಅದು ಹತ್ತು ಹನ್ನೆರಡು ಪ್ರಶ್ನೆ ಕೇಳುತ್ತಿತ್ತು. ಆಪರೇಟರ್ ಒಂದೊಂದಕ್ಕೆ ಉತ್ತರ ಒತ್ತಬೇಕು, ಹೌದಾದರೆ ವೈ, ಅಲ್ಲವಾದರೆ ಎನ್.

ಬಬಲೇಶ್ವರದಲ್ಲಿ ಆಪರೇಟರುಗಳು ನಿಲ್ಲುತ್ತಿರಲಿಲ್ಲ. ಒಬ್ಬ ಹೋದರೆ ಇನ್ನೊಬ್ಬ ಬರುವವರೆಗೆ ಬೆಳಗಿನ ಪ್ರಶ್ನೆಗಳಿಗೆ ಉತ್ತರ ಕೊಡುವವರಿಲ್ಲ. ನಮ್ಮ ಮ್ಯಾನೇಜರ್ ಜೋಶಿ ಸರ್ ನನ್ನನ್ನು ಕರೆದು, ಮನುಷ್ಯನ ಬದಲು ಇನ್ನೊಂದು ಪ್ರೋಗ್ರಾಮ್ ಉತ್ತರ ಕೊಡುವ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಹೇಗೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಮೊದಲು ಪೈಪ್ ಹಾಕಿದೆ. ಒಂದು ಪ್ರೋಗ್ರಾಮ್ ಬರೆದದ್ದು ನೇರವಾಗಿ ಇನ್ನೊಂದಕ್ಕೆ ಹೋಗುವ ದಾರಿ ಅದು. ಹಳೆಯ ಸಾಫ್ಟ್‌ವೇರ್ ಒಂದು ಅಕ್ಷರವನ್ನೂ ಹೊರಗೆ ಬಿಡಲಿಲ್ಲ. ಎದುರಿಗೆ ಟರ್ಮಿನಲ್ ಇಲ್ಲ ಎಂದು ಅದಕ್ಕೆ ತಿಳಿಯುತ್ತಿತ್ತು. ಹಾಗೆ ತಿಳಿದಾಗ ಮಾತನ್ನೆಲ್ಲ ಒಳಗೇ ತುಂಬಿಟ್ಟುಕೊಳ್ಳುತ್ತಿತ್ತು. ಪಾಸ್‌ವರ್ಡ್ ಕೇಳುವಾಗಲಂತೂ ಪೈಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೂರು ದಿನ ಕುಳಿತ ಮೇಲೆ ಕೈಪಿಡಿಯಲ್ಲಿ ಹುಸಿ ಟರ್ಮಿನಲ್ಲಿನ ಅಧ್ಯಾಯ ಸಿಕ್ಕಿತು.

ಹುಸಿ ಟರ್ಮಿನಲ್ಲಿಗೆ ಎರಡು ತುದಿ. ಒಂದು ತುದಿಗೆ ಹಳೆಯ ಸಾಫ್ಟ್‌ವೇರನ್ನು ಕೂರಿಸುತ್ತೇವೆ. ಅದರ ಪಾಲಿಗೆ ಅದು ಕೀಲಿಮಣೆ ಇರುವ ನಿಜವಾದ ಟರ್ಮಿನಲ್ಲೇ. ಇನ್ನೊಂದು ತುದಿಯನ್ನು ನಮ್ಮ ಪ್ರೋಗ್ರಾಮ್ ಹಿಡಿದಿರುತ್ತದೆ. ಅದು ಬರೆದದ್ದು ಆ ಕಡೆ ಮನುಷ್ಯ ಒತ್ತಿದ ಹಾಗೆ ಬರುತ್ತದೆ. ಆ ಕಡೆ ಪರದೆಯ ಮೇಲೆ ಮೂಡಬೇಕಾದದ್ದು ಈ ಕಡೆ ಬಂದು ಬೀಳುತ್ತದೆ. ನಡುವೆ ಗಾಜೂ ಇಲ್ಲ, ಕೇಬಲ್ಲೂ ಇಲ್ಲ.

ಇಷ್ಟು ತಿಳಿದ ಮೇಲೂ ತಪ್ಪುಗಳಿಗೆ ಕೊರತೆಯಾಗಲಿಲ್ಲ. ನಿಜವಾದ ಟರ್ಮಿನಲ್ಲಿನಲ್ಲಿ ನಾವು ಒತ್ತಿದ ಅಕ್ಷರ ನಮಗೇ ಕಾಣಬೇಕು, ಹಾಗಾಗಿ ಹುಸಿ ಟರ್ಮಿನಲ್ ಕೂಡ ಬಂದದ್ದನ್ನು ವಾಪಸು ಕಳಿಸುತ್ತದೆ. ನನ್ನ ಪ್ರೋಗ್ರಾಮ್ ತಾನು ಬರೆದದ್ದನ್ನೇ ಓದಿ, ಸಾಫ್ಟ್‌ವೇರ್ ಉತ್ತರ ಕೊಟ್ಟಿತು ಎಂದು ಮುಂದೆ ಹೋಗುತ್ತಿತ್ತು. ಒಂದು ಇಡೀ ಮಧ್ಯಾಹ್ನ ಅದು ತನ್ನ ಜೊತೆ ತಾನೇ ಮಾತಾಡಿತು. ಇನ್ನೊಂದು ಸಲ, ಹೊಸದಾಗಿ ತೆರೆದ ಹುಸಿ ಟರ್ಮಿನಲ್ಲಿನ ಅಳತೆ ಸೊನ್ನೆ ಸಾಲು, ಸೊನ್ನೆ ಅಕ್ಷರ ಎಂಬುದನ್ನು ಮರೆತಿದ್ದೆ. ಪರದೆ ಸಾಲದು ಎಂದು ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ಮೂರನೆಯದು ಬಬಲೇಶ್ವರದಲ್ಲಿ. ಕೊನೆಯ ಉತ್ತರ ಬರೆದ ತಕ್ಷಣ ನನ್ನ ಪ್ರೋಗ್ರಾಮ್ ತನ್ನ ತುದಿಯನ್ನು ಮುಚ್ಚಿ ಎದ್ದುಹೋಗುತ್ತಿತ್ತು. ಆಗ ಆ ಕಡೆಯ ಸಾಫ್ಟ್‌ವೇರಿಗೆ ಫೋನ್ ಕಡಿದಂತಾಗಿ, ಅದು ಇದ್ದಲ್ಲೇ ಸಾಯುತ್ತಿತ್ತು. ದಿನವೂ ರಿಪೋರ್ಟಿನ ಕೊನೆಯ ಪುಟ ಬರುತ್ತಿರಲಿಲ್ಲ. ಅಲ್ಲಿಯ ಗುಮಾಸ್ತರು ಪ್ರಿಂಟರಿನ ರಿಬ್ಬನ್ ಎರಡು ಸಲ ಬದಲಿಸಿ, ಪ್ರಿಂಟರ್ ಮಾರಿದವನಿಗೆ ಫೋನಿನಲ್ಲಿ ಬೈದು, ಆಮೇಲೆ ನನಗೆ ಹೇಳಿದರು.

ಬಬಲೇಶ್ವರದಲ್ಲಿ ಅದು ಸರಿಯಾದ ಮೇಲೆ ತಿಕೋಟಾದಲ್ಲೂ ಹಾಕಿ ಎಂದರು ಜೋಶಿ ಸರ್. ಅಲ್ಲಿ ಮಹಬೂಬಸಾಬರಿದ್ದರು. ತಿಕೋಟಾದವರೇ, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣಾರ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ಅವರು ಉತ್ತರ ಕೊಡುವ ಕ್ರಮವನ್ನು ಬರೆದುಕೊಳ್ಳಲು ನಾಲ್ಕು ದಿನ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಪಕ್ಕದಲ್ಲಿ ಕುಳಿತೆ. ಅವರು ಪರದೆಯ ಮೇಲೆ ಬೆರಳಿಟ್ಟು, ಪ್ರತಿ ಪ್ರಶ್ನೆಯನ್ನೂ ಕೊನೆಯ ಅಕ್ಷರದವರೆಗೆ ಓದಿ ಆಮೇಲೆ ಒತ್ತುತ್ತಿದ್ದರು. ನನಗೆ ಬೇಸರವಾಗುತ್ತಿತ್ತು.

"ದಿನಾ ಅದ ಪ್ರಶ್ನಿ ಕೇಳತೈತಿ. ದಿನಾ ಯಾಕ ಓದತೀರಿ, ಅಣ್ಣಾರ?" ಎಂದೆ.

"ಅದ ಪ್ರಶ್ನಿ ಅಂತ ಓದಿದ ಮ್ಯಾಲೆ ಗೊತ್ತಾಗೂದಲ್ಲ, ತಂಗಿ," ಎಂದರು.

ಇದನ್ನು ನಾನು ಬರೆದುಕೊಳ್ಳಲಿಲ್ಲ. ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ ಎಂದಷ್ಟೇ ಬರೆದುಕೊಂಡೆ.

ಸಾಫ್ಟ್‌ವೇರ್ ಒಳಗೆ ಬಿಡುತ್ತಿದ್ದದ್ದು ಮಹಬೂಬಸಾಬರ ಹೆಸರಿಗೆ ಮಾತ್ರ. ಹೊಸ ಹೆಸರು ಸೇರಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ನನ್ನ ಪ್ರೋಗ್ರಾಮ್ ಅವರ ಹೆಸರಿನಲ್ಲೇ ಒಳಗೆ ಹೋಗಬೇಕಾಯಿತು. ಅವರನ್ನು ಕೇಳಿದೆ. ನನ್ನ ಹೆಸರಿನಲ್ಲಿ ಅದು ಚಹಾ ಕುಡಿದು ಲೆಕ್ಕ ನನಗೆ ಹಚ್ಚದಿದ್ದರೆ ಸಾಕು ಎಂದು ನಕ್ಕು, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ಅವರನ್ನು ಗೇಟಿನ ಬಳಿ ಮಾಲು ಇಳಿಸಿಕೊಳ್ಳುವ ಕೆಲಸಕ್ಕೆ ಹಾಕಿದರು. ಪ್ರೋಗ್ರಾಮ್ ನಿಂತುಹೋದ ದಿನ ಮಾತ್ರ ಒಳಗೆ ಬಂದು ಅವರೇ ಕೈಯಾರೆ ಉತ್ತರ ಒತ್ತಬೇಕಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಮೊದಲು ನನ್ನ ಪ್ರೋಗ್ರಾಮ್ ಪ್ರಶ್ನೆಯನ್ನು ಓದಿಯೇ ಉತ್ತರ ಕೊಡುತ್ತಿತ್ತು. ಆದರೆ ಆ ಸಾಫ್ಟ್‌ವೇರ್ ಪರದೆಯನ್ನು ಪ್ರತಿಸಲ ಹೊಸದಾಗಿ ಬರೆಯುತ್ತಿರಲಿಲ್ಲ. ಹಿಂದಿನ ಪ್ರಶ್ನೆಗೂ ಈ ಪ್ರಶ್ನೆಗೂ ಬೇರೆಯಾದ ಅಕ್ಷರಗಳನ್ನು ಮಾತ್ರ ಕಳಿಸುತ್ತಿತ್ತು. ಪರದೆ ನೋಡುವವನಿಗೆ ಪೂರ್ತಿ ವಾಕ್ಯ ಕಾಣುತ್ತದೆ. ಹುಸಿ ಟರ್ಮಿನಲ್ಲಿನ ತುದಿಯಲ್ಲಿ ಕುಳಿತ ಪ್ರೋಗ್ರಾಮಿಗೆ ಅಲ್ಲೊಂದು ಇಲ್ಲೊಂದು ಚೂರು ಬರುತ್ತದೆ. ವಾರಕ್ಕೆರಡು ಸಲ ಪ್ರಶ್ನೆ ತಿಳಿಯದೆ ಅದು ನಿಂತುಬಿಡುತ್ತಿತ್ತು. ಜೋಶಿ ಸರ್, ಇದಕ್ಕಿಂತ ಮನುಷ್ಯನೇ ವಾಸಿಯಾಗಿದ್ದನಲ್ಲ ಎಂದರು. ಆ ಮಾತು ನನಗೆ ನಾಟಿತು. ಮರುದಿನವೇ ಓದುವ ಭಾಗವನ್ನು ತೆಗೆದುಹಾಕಿದೆ. ಆ ಕಡೆ ಸದ್ದು ನಿಂತರೆ ಕ್ರಮದಲ್ಲಿ ಮುಂದಿನ ಉತ್ತರ ಒತ್ತು ಎಂದು ಬರೆದೆ. ಒಂದು ನಿಮಿಷದಲ್ಲಿ ಕೆಲಸ ಮುಗಿಯತೊಡಗಿತು. ಎರಡು ತಿಂಗಳು ಎಲ್ಲರೂ ಹೊಗಳಿದರು.

ಬೇಸಿಗೆಯ ಒಂದು ಬೆಳಿಗ್ಗೆ ಸಾಫ್ಟ್‌ವೇರ್ ನನ್ನ ಹನ್ನೊಂದರಲ್ಲಿ ಇಲ್ಲದ ಇನ್ನೊಂದು ಪ್ರಶ್ನೆಯನ್ನು ನಡುವೆ ಕೇಳಿತು. ಹಿಂದಿನ ದಿನ ಮೂರನೆಯ ಕೋಣೆಯಿಂದ ದೊಡ್ಡ ಮಾಲು ಹೊರಗೆ ಹೋಗಿತ್ತು. ಹಾಗೆ ಹೋದಾಗ ಮಾತ್ರ, ಕೋಣೆ ಖಾಲಿಯಾಗಿದೆಯೇ ಎಂದು ಅದು ಕೇಳುತ್ತದೆ. ವರ್ಷಕ್ಕೆ ಒಂದೆರಡು ಸಲ ಬರುವ ಪ್ರಶ್ನೆ. ಕೋಣೆ ಖಾಲಿಯಾಗಿರಲಿಲ್ಲ, ಇನ್ನೂ ನಾಲ್ಕು ಮನೆಯವರ ಮಾಲು ಇತ್ತು. ಕ್ರಮದಲ್ಲಿ ಮುಂದಿದ್ದದ್ದು ರಿಪೋರ್ಟ್ ಮುದ್ರಿಸಲೇ ಎಂಬುದಕ್ಕೆ ಕೊಡಬೇಕಾದ ವೈ. ನನ್ನ ಪ್ರೋಗ್ರಾಮ್ ಅದನ್ನು ಒತ್ತಿತು. ಪ್ಯಾನೆಲ್ ಮೂರನೆಯ ಕೋಣೆಯ ತಂಪನ್ನು ನಿಲ್ಲಿಸಿತು. ಖಾಲಿ ಎಂದಾದ ಕೋಣೆ ದಿನದ ರಿಪೋರ್ಟಿನ ಪಟ್ಟಿಯಲ್ಲೂ ಕಾಣುವುದಿಲ್ಲ, ಹಾಗಾಗಿ ಅದು ಬಿಸಿಯಾಗುತ್ತಿರುವುದು ಯಾರಿಗೂ ತಿಳಿಯಲಿಲ್ಲ. ಐದನೆಯ ದಿನ ಹಮಾಲರು ಬಾಗಿಲು ತೆಗೆದರು. ಹಸಿರು ಬಣ್ಣದಲ್ಲಿ ಇಟ್ಟಿದ್ದ ಒಣದ್ರಾಕ್ಷಿ ಕಂದುಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿಕೊಂಡಿತ್ತು.

ಜೋಶಿ ಸರ್ ತಿಕೋಟಾಕ್ಕೆ ಬಂದರು. ನನ್ನನ್ನೂ ಕರೆತಂದಿದ್ದರು. ಯಾರು ಯಾವಾಗ ಏನು ಒತ್ತಿದರು ಎಂಬ ದಾಖಲೆಯನ್ನು ಸಾಫ್ಟ್‌ವೇರ್ ಇಟ್ಟಿರುತ್ತದೆ. ಅದನ್ನು ಮುದ್ರಿಸಿ ಮೇಜಿನ ಮೇಲೆ ಹರಡಿದರು.

"ಹೆಸರು ಯಾರದದ, ನೀವ ಓದ್ರಿ," ಎಂದರು.

ಮಹಬೂಬಸಾಬರು ಬೆರಳಿಟ್ಟು ಓದಿದರು. "ಹೆಸರು ನಂದ ಐತ್ರಿ. ಆದ್ರ ನಾ ಒತ್ತಿಲ್ರಿ, ಸರ್. ಅವತ್ತ ನಾ ಗೇಟಿನ್ಯಾಗ ಇದ್ನಿ."

ಆ ದಾಖಲೆಯಲ್ಲಿ ಹೆಸರಿನ ಪಕ್ಕ ಇನ್ನೊಂದು ಸಣ್ಣ ಕಾಲಮ್ ಇತ್ತು. ಯಾವ ಟರ್ಮಿನಲ್ಲಿನಿಂದ ಎಂಬುದು ಅದರಲ್ಲಿರುತ್ತದೆ. ಮಹಬೂಬಸಾಬರು ಕೈಯಾರೆ ಒತ್ತಿದ ದಿನಗಳ ಸಾಲಿನಲ್ಲಿ ಅಲ್ಲಿ ಟಿಟಿವೈ ಎಂದಿತ್ತು, ಕೇಬಲ್ಲಿನ ನಿಜವಾದ ಟರ್ಮಿನಲ್. ಈ ಸಾಲಿನಲ್ಲಿ ಪಿಟಿಎಸ್ ಎಂದಿತ್ತು. ಹುಸಿ ಟರ್ಮಿನಲ್ಲಿಗೆ ಯಂತ್ರ ಕೊಡುವ ಹೆಸರು ಅದು. ಆ ಕೋಣೆಯಲ್ಲಿದ್ದವರಲ್ಲಿ ಆ ಮೂರು ಅಕ್ಷರದ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ನನಗೆ ಕಂಡದ್ದು ಆ ಕ್ಷಣದಲ್ಲೇ.

ಜೋಶಿ ಸರ್ ನನ್ನ ಕಡೆ ನೋಡಿ, ನಿಮ್ಮ ಪ್ರೋಗ್ರಾಮಿನಿಂದ ಏನಾದರೂ ಆಗಿರಬಹುದೇ ಎಂದರು. ಪರೀಕ್ಷೆ ಮಾಡಿ ಹೇಳಬೇಕಾಗುತ್ತದೆ ಎಂದೆ. ಪರೀಕ್ಷೆ ಮಾಡುವುದೇನೂ ಇರಲಿಲ್ಲ.

ಆ ಸಂಜೆಯೇ ಮಹಬೂಬಸಾಬರಿಗೆ ಮೆಮೊ ಕೊಟ್ಟು ರಿಜಿಸ್ಟರಿನಲ್ಲಿ ಬರೆದರು. ಊರಿನಲ್ಲಿ ಸುದ್ದಿ ಹಬ್ಬಿತು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಒಬ್ಬ, "ಸಾಬ್ರ, ಥಂಡಿ ಖೋಲ್ಯಾಗ ನಿದ್ದಿ ಛಲೋ ಹತ್ತತೈತೇನು?" ಎಂದು ಕೇಳಿದನಂತೆ. ಅದು ಊರಿನ ಮಾತಾಗಿಹೋಯಿತು. ಕೆಟ್ಟ ಮಾಲಿನಲ್ಲಿ ಅವರ ಹೆಂಡತಿಯ ತಮ್ಮನದೂ ಇತ್ತು.

ನಾಲ್ಕು ದಿನ ನಾನು ಅಥಣಿ ರಸ್ತೆಯ ನನ್ನ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗಿಬಂದೆ. ಐದನೆಯ ದಿನ ತಿಕೋಟಾದ ಬಸ್ಸು ಹತ್ತಿದೆ. ದಾಖಲೆಯ ಆ ಎರಡು ಬಗೆಯ ಸಾಲುಗಳನ್ನು ಒಂದರ ಕೆಳಗೆ ಒಂದು ಮುದ್ರಿಸಿಕೊಂಡು ಹೋಗಿ ಮಹಬೂಬಸಾಬರಿಗೆ ತೋರಿಸಿದೆ. ಇದು ನೀವು, ಇದು ನನ್ನ ಪ್ರೋಗ್ರಾಮ್, ಒತ್ತಿದ್ದು ಅದು ಎಂದು ವಿವರಿಸಿದೆ. ಅವರು ಎರಡನ್ನೂ ನಿಧಾನವಾಗಿ ಓದಿದರು.

"ಇದನ್ನ ಸರ್‌ಗೆ ತೋರ್ಸಿಯೇನು?" ಎಂದರು.

"ಇನ್ನೂ ಇಲ್ರಿ."

"ಹಂಗಾರ ನನಗ್ಯಾಕ ತೋರ್ಸಾಕ ಬಂದಿ?"

ಇಷ್ಟು ವರ್ಷಗಳ ಕೆಲಸದಲ್ಲಿ ಮೇಲಿನವರಿಂದ ಬೈಸಿಕೊಂಡದ್ದು ಬಹಳ ಇದೆ. ಯಾವುದೂ ಇದರಷ್ಟು ನೆನಪಿನಲ್ಲಿ ಉಳಿದಿಲ್ಲ. ಅವರು ಜೋರಾಗಿ ಹೇಳಿದ್ದೂ ಅಲ್ಲ.

ಅದೇ ಮಧ್ಯಾಹ್ನ ಜೋಶಿ ಸರ್ ಮುಂದೆ ಕಾಗದ ಇಟ್ಟೆ. ನಡೆದದ್ದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿದ್ದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಓದಿದರು. ಮಾಲು ಕಳೆದುಕೊಂಡವರಿಗೆ ಶೀತಲಗೃಹದ ಮಾಲೀಕರು ಸಮಾಧಾನ ಮಾಡಿ ಆಗಿದೆ, ಮಹಬೂಬಸಾಬರ ನೌಕರಿಗೆ ಏನೂ ತೊಂದರೆ ಇಲ್ಲ, ಈಗ ಯಂತ್ರದ ತಪ್ಪು ಎಂದರೆ ಎರಡೂ ಕಡೆಯ ರೈತರು ಮಾಲು ತೆಗೆದುಕೊಂಡು ಹೋಗುತ್ತಾರೆ, ಬಿಟ್ಟುಬಿಡಿ ಎಂದರು. ಕಾಗದವನ್ನು ನನಗೇ ವಾಪಸು ಕೊಟ್ಟರು. ನಾನು ತೆಗೆದುಕೊಂಡೆ. ಮೇಜಿನ ಮೇಲೇ ಬಿಟ್ಟು ಬರಬಹುದಿತ್ತು. ಪ್ರೋಗ್ರಾಮಿನಲ್ಲಿ ಮಾಡಿದ್ದು ಅವಸರದ ತಪ್ಪು. ಕಾಗದ ತೆಗೆದುಕೊಂಡದ್ದು ಯೋಚಿಸಿ ಮಾಡಿದ್ದು.

ಮಹಬೂಬಸಾಬರು ವರ್ಷದ ಹತ್ತಿರ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ನಾನು ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಬರುವ ಚೂರುಗಳನ್ನು ಅದು ತನ್ನೊಳಗೇ ಇಪ್ಪತ್ನಾಲ್ಕು ಸಾಲಿನ ಒಂದು ಪರದೆಯಾಗಿ ಜೋಡಿಸಿಕೊಳ್ಳುತ್ತದೆ. ಮನುಷ್ಯನಿಗೆ ಕಾಣುವುದೇ ಅದಕ್ಕೂ ಕಾಣಬೇಕು. ಪರದೆಯ ಮೇಲಿನ ಪ್ರಶ್ನೆ ತನಗೆ ಅಕ್ಷರಶಃ ಗೊತ್ತಿದ್ದರೆ ಮಾತ್ರ ಉತ್ತರ. ಇಲ್ಲದಿದ್ದರೆ ಏನನ್ನೂ ಒತ್ತದೆ ನಿಂತು, ಗಂಟೆ ಬಾರಿಸಿ ಮನುಷ್ಯನನ್ನು ಕರೆಯಬೇಕು. ಜೊತೆಗೆ, ತಾನು ಒತ್ತಿದ ಪ್ರತಿ ಉತ್ತರವನ್ನೂ ಪ್ರೋಗ್ರಾಮ್ ಒತ್ತಿತು ಎಂದು ಬೇರೆ ಕಡತದಲ್ಲಿ ಬರೆದಿಡಬೇಕು. ಇದನ್ನು ತಿಕೋಟಾದಲ್ಲಿ ಹಾಕುವ ದಿನ ಮಹಬೂಬಸಾಬರು ಗೇಟಿನಿಂದ ಒಳಗೆ ಬಂದರು. ನಾನೇ ಪರೀಕ್ಷೆ ಮಾಡುತ್ತೇನೆ ಎಂದರು. ನಾನು ಮಾಡಿಕೊಟ್ಟ ನಕಲಿ ಸಾಫ್ಟ್‌ವೇರಿನಲ್ಲಿ ಒಂದೊಂದು ಅಡ್ಡ ಪ್ರಶ್ನೆ ಹಾಕಿ ಎರಡು ಗಂಟೆ ಅದನ್ನು ಕಾಡಿದರು. ಮೂರು ಸಲ ಅದು ಸೋತಿತು, ಮೂರು ಸಲ ನಾನು ತಿದ್ದಿದೆ. ನಾಲ್ಕನೆಯ ಸಲ ಗಂಟೆ ಬಾರಿಸಿತು.

"ಈಗ ಓದಾಕ ಕಲ್ತತಿ ನೋಡು," ಎಂದರು. ಆಮೇಲೆ ಇಬ್ಬರಿಗೂ ಚಹಾ ತರಿಸಿದರು.

ಮುಂದೆ ಎಲ್ಲ ಬದಲಾಯಿತು. ಹಸಿರು ಪರದೆಗಳು ಗುಜರಿಗೆ ಹೋದವು. ಹಳೆಯ ಕಾಲದಲ್ಲಿ ಹುಸಿ ಟರ್ಮಿನಲ್ಲುಗಳು ಮೊದಲೇ ಎಣಿಸಿಟ್ಟ ಜೋಡಿಗಳಾಗಿದ್ದವು, ಖಾಲಿ ಇರುವ ಜೋಡಿಯನ್ನು ನಾವೇ ಹುಡುಕಬೇಕಿತ್ತು. ನನ್ನ ಕಾಲಕ್ಕೆ ಕೇಳಿದರೆ ಯಂತ್ರವೇ ಹೊಸದೊಂದನ್ನು ಕೊಡುತ್ತಿತ್ತು. ಈಗ ನೀವು ಕೇಳುವುದೂ ಇಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆದಾಗ, ಕಿಟಕಿಯೊಂದರಲ್ಲಿ ಕಮಾಂಡ್ ಒತ್ತುವಾಗ, ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಕಂಟೇನರಿನ ಒಳಗೆ ಇಣುಕುವಾಗ ನೀವು ಕುಳಿತಿರುವುದು ಹುಸಿ ಟರ್ಮಿನಲ್ಲಿನ ಮುಂದೆಯೇ. ಇಂದು ನಿಜವಾದ ಟರ್ಮಿನಲ್ ಎಲ್ಲೂ ಇಲ್ಲ. ಹಾಗಾಗಿ ದಾಖಲೆಯ ಆ ಕಾಲಮ್ ನೋಡಿ ಯಂತ್ರವೋ ಮನುಷ್ಯನೋ ಎಂದು ಈಗ ಹೇಳಲು ಬರುವುದಿಲ್ಲ. ಬೇರೊಬ್ಬರ ಹೆಸರಿನಲ್ಲಿ ಓಡುವ ಪ್ರೋಗ್ರಾಮ್ ಬರೆಯುವವರು, ಅದು ಒತ್ತಿದ್ದನ್ನು ಅದರದೇ ಹೆಸರಿನಲ್ಲಿ ಬರೆದಿಡಲಿ. ನನಗೆ ಹೇಳಲು ಬರುವ ಬುದ್ಧಿಮಾತು ಇಷ್ಟೇ.

ಮಹಬೂಬಸಾಬರು ನಿವೃತ್ತರಾದ ಮೇಲೂ ವಿಜಯಪುರಕ್ಕೆ ಬಂದಾಗ ಆಫೀಸಿಗೆ ಬಂದು ಕುಳಿತು ಹೋಗುತ್ತಿದ್ದರು. ಮೂರನೆಯ ಕೋಣೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಅವರು ಮನೆಯವರಿಗೆ ಹೇಳಿರುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ಈ ವರ್ಷ ಅವರಿಗೆ ಎದೆನೋವು ಬಂದು, ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋದರು. ನನಗೆ ಸುದ್ದಿ ತಿಳಿದದ್ದು ಮಣ್ಣಾದ ಮೇಲೆ. ಅವರ ನಂಬರು ಈಗಲೂ ನನ್ನ ಫೋನಿನಲ್ಲಿದೆ.

ವಾರ ಬಿಟ್ಟು ಅವರ ಮನೆಗೆ ಹೋದೆ. ಹೆಂಡತಿ ಜೈತುನಬಿ ಒಳಕೋಣೆಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ. ಬಂದವರೆಲ್ಲ ಎದ್ದುಹೋದ ಮೇಲೆ ಅವರೇ ಕೇಳಿದರು.

"ನೀವು ಕಂಪ್ಯೂಟರ್ ನೋಡೂರು, ನಿಮಗ ಗೊತ್ತಿರಬೇಕು. ನಮ್ಮವ್ರು ಅವತ್ತ ಖರೇನ ನಿದ್ದಿ ಹೋಗಿದ್ರೇನ್ರಿ?"

ಮಹಬೂಬಸಾಬರು ಮನೆಯಲ್ಲಿ ನನ್ನ ಹೆಸರನ್ನೇ ಎತ್ತಿರಲಿಲ್ಲ. ಒತ್ತಿದ್ದು ನಾನಲ್ಲ ಎಂದಷ್ಟೇ ಹೇಳಿದ್ದರಂತೆ. ಯಾರು ಎಂದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ಹಾಗೆ ಎದ್ದುಹೋದದ್ದರಿಂದಲೇ ಮನೆಯವರಿಗೆ ಅನುಮಾನ ಉಳಿದಿತ್ತು.

"ಇಲ್ರಿ, ಭಾಬಿ. ಅವ್ರು ಅದನ್ನ ಮುಟ್ಟೇ ಇಲ್ಲ. ಒತ್ತಿದ್ದು ನಾ ಬರೆದ ಪ್ರೋಗ್ರಾಮು. ತಪ್ಪು ನಂದು. ಅವ್ರಿಗೆ ಗೊತ್ತಿತ್ತು," ಎಂದೆ.

ಜೈತುನಬಿ ಅಳಲಿಲ್ಲ, ಬೈಯಲೂ ಇಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ನಾ ಇದ್ದತ್ತಿನ್ಯಾಗ ಅದೀನಿ. ಗಂಡ ಹೋದಾಕಿ ನಾಲ್ಕ ತಿಂಗಳ ಹತ್ತ ದಿನ ಹೊಸ್ತಿಲ ದಾಟಂಗಿಲ್ಲ. ಮುಗಿದ ಮರುದಿನ ಬರ್ರಿ. ಆ ಖೋಲ್ಯಾಗ ಯಾರ್‍ಯಾರ ಮಾಲ ಇತ್ತು ನನಗ ಗೊತ್ತೈತಿ. ಜೋಡಿ ಹೋಗೂಣು," ಎಂದರು.

ಇಲ್ಲಿಯವರೆಗಿನದು ನಾನು ಆ ನಾಲ್ಕು ತಿಂಗಳಲ್ಲಿ ಬರೆದದ್ದು. ಇದ್ದತ್ತು ಮುಗಿದ ಮರುದಿನ ಹೋದೆ. ಜೈತುನಬಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

ಮೊದಲು ಅವರ ತಮ್ಮನ ಮನೆ. ತೀರಿಹೋದ ಗಂಡನ ಮೇಲಿನ ಆರೋಪ ಅಳಿಸಲೆಂದು ಅಕ್ಕ ನನ್ನನ್ನು ಕರೆತಂದಿದ್ದಾಳೆ ಎಂದು ತಮ್ಮನಿಗೆ ಅನಿಸಿತು. ಏನು ಪುರಾವೆ ಎಂದರು. ಎರಡು ಸಾಲಿನ ಆ ಹಳೆಯ ಕಾಗದ ತೋರಿಸಿ, ಅರ್ಧ ಗಂಟೆ ಕುಳಿತು ಹೇಳಿದೆ. ಸಾಲಿನ ಒಂದೊಂದು ಅಕ್ಷರದ ಅರ್ಥವನ್ನೂ ಕೇಳಿ ತಿಳಿದುಕೊಂಡರು. ಕೊನೆಗೆ, ಪ್ರತಿ ಹಬ್ಬಕ್ಕೂ ಊಟಕ್ಕೆ ಕುಳಿತಾಗ ಆ ನಿದ್ದೆಯ ಮಾತು ಎತ್ತಿ ನಗುತ್ತಿದ್ದವನು ನಾನೇ ಎಂದರು. ಆಮೇಲೆ ನನ್ನ ಕಡೆ ನೋಡಲಿಲ್ಲ. ಎರಡನೆಯ ಮನೆಯವರು ಕೇಳಿಸಿಕೊಂಡು ನೀರು ಕೊಟ್ಟರು. ಮೂರನೆಯ ಮನೆಯ ಮುದುಕರು ನನಗೆ ಬೈದರು. ನ್ಯಾಯವಾಗಿಯೇ ಬೈದರು. ಜೈತುನಬಿ ತಡೆಯಲಿಲ್ಲ.

ನಾಲ್ಕನೆಯ ಮನೆಯಲ್ಲಿ ಮಾಲಿನವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಗ ತೋಟಕ್ಕೆ ಹೋಗಿದ್ದರು. ಈಚೆಗೆ ಮದುವೆಯಾಗಿ ಬಂದ ಸೊಸೆ ಒಬ್ಬಳೇ ಇದ್ದಳು. ಆಕೆಗೆ ಮೂರನೆಯ ಕೋಣೆಯೂ ಗೊತ್ತಿಲ್ಲ, ಮಹಬೂಬಸಾಬರೂ ಗೊತ್ತಿಲ್ಲ. ಚಾಪೆ ಹಾಸಿ, ಯಾರು ಬೇಕಾಗಿತ್ತು ಎಂದು ಕೇಳಿದಳು. ಇನ್ನೊಂದು ದಿನ ಬರೋಣವೇ ಎಂದು ನಾನು ಜೈತುನಬಿಯವರನ್ನು ನೋಡಿದೆ. ಅವರು ಚಾಪೆಯ ಮೇಲೆ ಕುಳಿತುಬಿಟ್ಟಿದ್ದರು.

"ಹೇಳ್ರಿ," ಎಂದರು.

ನಾನು ಮೊದಲಿನಿಂದ ಹೇಳಿದೆ.